ಖಾಲಿ ಕುರ್ಚಿಯ ಮುಂದೆ ಬಡಿಸಿದ ತಾಟು

ಕಳೆದ ತಿಂಗಳು ಮಗಳ ಹೊಸ ಮನೆಗೆ ಊಟದ ಮೇಜು ನೋಡಲೆಂದು ಬೆಳಗಾವಿಯ ಒಂದು ಫರ್ನಿಚರ್ ಅಂಗಡಿಗೆ ಹೋಗಿದ್ದೆವು. ಅಂಗಡಿಯ ಮಹಡಿಯ ಮೇಲೆ, ಕಿಟಕಿಯ ಬದಿಗೆ, ಆರು ಕುರ್ಚಿಗಳ ಮೇಜೊಂದನ್ನು ಸಿಂಗರಿಸಿ ಇಟ್ಟಿದ್ದರು. ಆರು ಬಿಳಿ ತಾಟು, ಆರು ಗಾಜಿನ ಲೋಟ, ಬೀಸಣಿಕೆಯ ಹಾಗೆ ಮಡಚಿದ ಆರು ಕರವಸ್ತ್ರ, ನಡುವೆ ಬಟ್ಟೆಯ ಹೂವು, ಬ್ಯಾಟರಿಯಿಂದ ಉರಿಯುವ ಮೇಣದಬತ್ತಿ. ಇಷ್ಟೇ ಇದ್ದಿದ್ದರೆ ನಾನು ನೋಡಿ ಮುಂದೆ ಹೋಗುತ್ತಿದ್ದೆ. ಆದರೆ ಆರರಲ್ಲಿ ಒಂದೇ ಒಂದು ತಾಟಿನಲ್ಲಿ, ಗೋಡೆಯ ಕಡೆಯ ಕುರ್ಚಿಯ ಮುಂದಿನದರಲ್ಲಿ, ಪ್ಲಾಸ್ಟಿಕ್ಕಿನ ಊಟ ಬಡಿಸಿದ್ದರು. ಅನ್ನ, ಹಸಿರು ಬಟಾಣಿ, ನಿಂಬೆಯ ಒಂದು ಹೋಳು.

“ಕುಂತು ನೋಡ್ರಿ ಬಾಯಾರ, ಕುರ್ಚಿ ಭಾಳ ಆರಾಮ ಅದಾವು,” ಎಂದು ಅಂಗಡಿಯವರು ಅದೇ ಕುರ್ಚಿಯನ್ನು ಹಿಂದಕ್ಕೆಳೆದರು.

ನಾನು ಕೂಡಲಿಲ್ಲ. “ಕಾಲು ನೋಯಾಕತ್ತಾವೇನವ್ವಾ?” ಎಂದು ಮಗಳು ಕೇಳಿದಳು. ಹೌದೆಂದೆ. ಕಾಲು ನೋಯುವವರು ಎದುರಿಗೆ ಬಂದ ಕುರ್ಚಿಯನ್ನು ಬೇಡ ಎನ್ನುವುದಿಲ್ಲ ಎಂಬುದು ಅವಳಿಗೆ ಹೊಳೆಯದಿದ್ದುದು ನನ್ನ ಪುಣ್ಯ.

ನನ್ನ ಮನೆಯಲ್ಲಿ ಉಂಡವರಿಗೆಲ್ಲ ನನ್ನದೊಂದು ವಕ್ರ ಅಭ್ಯಾಸ ಗೊತ್ತು. ಎಲ್ಲರೂ ಕುಳಿತ ಮೇಲೆಯೇ ನಾನು ತಾಟು ಇಡುವುದು. ಬಂದವರು ಬರಿದಾದ ಮೇಜಿನ ಸುತ್ತ, ಸಭೆಗೆ ಬಂದವರಂತೆ ಕೈಕಟ್ಟಿ ಕೂತಿರಬೇಕು. “ಮೊದಲು ಮಂದಿ, ಆಮ್ಯಾಲ ತಾಟ. ಇದು ನಮ್ಮವ್ವನ ಖಾನಾವಳಿ ಕಾಯ್ದೆ,” ಎಂದು ನನ್ನ ಮಕ್ಕಳು ನಗುತ್ತಾರೆ. ಯಾಕೆಂದು ಕೇಳಿದರೆ ಆರಿ ಹೋಗುತ್ತದೆ ಎನ್ನುತ್ತೇನೆ. ಖಾಲಿ ತಾಟು ಆರುವುದು ಹೇಗೆ ಎಂದು ಈವರೆಗೆ ಯಾರೂ ಕೇಳಿಲ್ಲ. ನೀವು ಕೇಳುವಿರಿ ಎಂಬ ಅನುಮಾನವಿರುವುದರಿಂದ ನಿಮಗೆ ಹೇಳಿಬಿಡುತ್ತೇನೆ.

ಗಂಗತ್ತೆ ನನ್ನ ಅಪ್ಪನ ಅಕ್ಕ. ಅವಳ ಗಂಡನನ್ನು ನಾವು ಮಾವ ಎಂದಷ್ಟೇ ಕರೆಯುತ್ತಿದ್ದೆವು. ಖಾನಾಪುರದ ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಮಾವನ ಕಟ್ಟಿಗೆ ವಖಾರಿ ಇತ್ತು. ಕೊಯ್ದ ಸಾಗವಾನಿಯ ಹುಡಿ ಅವರ ಹುಬ್ಬಿನಲ್ಲಿ ಸದಾ ಇರುತ್ತಿತ್ತು. ದೊಡ್ಡ ದನಿ, ದೊಡ್ಡ ಹೊಟ್ಟೆ, ಸೊಂಟಕ್ಕೆ ಸಿಕ್ಕಿಸಿದ ಚಂಚಿ. ಚಂಚಿ ಎಂದರೆ ಎಲೆ, ಅಡಿಕೆ, ಸುಣ್ಣ, ತಂಬಾಕು ಬೇರೆ ಬೇರೆ ಇಡಲು ಒಳಗೆ ಖಾನೆಗಳಿರುವ ಬಟ್ಟೆಯ ಚೀಲ. ಮಾವನಿಗೆ ಮಾತು ತಡೆದರೆ ಕೈ ಚಂಚಿಗೆ ಹೋಗುತ್ತಿತ್ತು. ಮಾತು ತಡೆಯುವುದು ಅಪರೂಪವಾದ್ದರಿಂದ ಬೇರೆ ಕಾರಣಗಳಿಗೂ ಹೋಗುತ್ತಿತ್ತು.

ನಾವು ಬೆಳಗಾವಿಯಲ್ಲಿ, ಅನಗೋಳದ ಕಡೆ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಒಮ್ಮೆ ನಮ್ಮಲ್ಲಿ ಉಂಡು ಏಳುವಾಗ ಮಾವ ಮೊಣಕಾಲು ಹಿಡಿದುಕೊಂಡು ಅಪ್ಪನಿಗೆ ಹೇಳಿದರು: “ತಮ್ಮಾ, ಕಚೇರ್ಯಾಗ ಕಾಗದಕ್ಕೂ ಒಂದ ಟೇಬಲ್ ಐತಿ. ಮನ್ಯಾಗ ಅನ್ನಕ್ಕ ನೆಲಾನ ಗತಿ. ಯಾವೂರ ನ್ಯಾಯ ಇದು?” ಮುಂದಿನ ತಿಂಗಳೇ ಖಾನಾಪುರದಿಂದ ಟೆಂಪೋದಲ್ಲಿ ಒಂದು ಊಟದ ಮೇಜು, ಆರು ಕುರ್ಚಿ, ಜೊತೆಗೆ ಅದನ್ನು ಮಾಡಿದ ಪಾಂಡು ಮೇಸ್ತ್ರಿ ಬಂದಿಳಿದರು. ಮೇಜು ಬಾಗಿಲಲ್ಲಿ ಹಿಡಿಸಲಿಲ್ಲ. ಅಳತೆ ದೊಡ್ಡದಾಯಿತಲ್ಲ ಎಂದು ಅಪ್ಪ ಗೊಣಗಿದರೆ ಮೇಸ್ತ್ರಿ ಮರಾಠಿ ಬೆರೆಸಿದ ತನ್ನ ಕನ್ನಡದಲ್ಲಿ, “ಟೇಬಲ್ ಬರೋಬ್ಬರ ಐತ್ರಿ ಸಾಹೇಬ. ತುಮಚಾ ಬಾಗಲಾ ಸಣ್ಣ ಐತಿ,” ಎಂದ. ಕಾಲು ಬಿಚ್ಚಿ ಒಳಗೆ ತಂದು ಮತ್ತೆ ಜೋಡಿಸಿದರು. ಆಮೇಲೆ ನಡುಮನೆಯಲ್ಲಿ ನಾವೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆಯುವುದನ್ನು ಕಲಿತೆವು. “ಟೇಬಲ್ಲಿನ ಸುತ್ತ ಮನಿ ಕಟ್ಟಿಸಿದಂಗಾತು,” ಎಂದಳು ಅವ್ವ.

ಎರಡು ವರ್ಷ ಆ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಎಲ್ಲವೂ ನಡೆಯಿತು. ಸಂಡಿಗೆ ಒಣಗಿತು, ಇಸ್ತ್ರಿ ನಡೆಯಿತು, ಅಪ್ಪನ ಕಡತಗಳು ಮಲಗಿದವು, ನನ್ನ ಶಾಲೆಯ ನಕಾಶೆಗಳು ಹುಟ್ಟಿದವು. ಉಣ್ಣುವುದು ಮಾತ್ರ ಪಕ್ಕದಲ್ಲೇ, ನೆಲದ ಮೇಲೆ. ದೊಡ್ಡವರ ತಾಟಿಗೆ ಅಡ್ಡಣಿಗೆ ಇರುತ್ತಿತ್ತು: ಮೂರು ಕಾಲಿನ ಗಿಡ್ಡ ಪೀಠ, ಗೇಣಿಗಿಂತ ತುಸು ಎತ್ತರ. ಉಣ್ಣುವವರು ಬಂದು ಕೂತು ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ಅವರೆದುರು ಅಡ್ಡಣಿಗೆ, ಅದರ ಮೇಲೆ ತಾಟು, ಆಮೇಲೆ ಬಡಿಸುವುದು. ಈ ಸಾಲು ತಪ್ಪುತ್ತಿರಲಿಲ್ಲ.

ಎದುರಿಗೆ ಯಾರೂ ಇಲ್ಲದ, ಬಡಿಸಿದ ತಾಟು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಾತ್ರ ಕಾಣುತ್ತಿತ್ತು. ತೀರಿಕೊಂಡ ಅಜ್ಜನ ಹೆಸರಿನಲ್ಲಿ ಇಡುತ್ತಿದ್ದ ಎಡೆ ಅದು. ಅಜ್ಜನಿಗೆ ಇಷ್ಟವಾಗಿದ್ದುದೆಲ್ಲ ಅದರಲ್ಲಿರುತ್ತಿತ್ತು. ಪಕ್ಕದಲ್ಲಿ ದೀಪ, ಹೂವು, ಊದಿನಕಡ್ಡಿ, ಅವರು ಸೇದುತ್ತಿದ್ದ ಬೀಡಿಯ ಒಂದು ಕಟ್ಟು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಬೀಡಿ ಕಟ್ಟನ್ನು ತರುವ ಕೆಲಸ ನನ್ನದೇ ಆಗಿತ್ತು. ಆದರೆ ಎಡೆ ನೆಲದ ಮೇಲಿನ ಸಂಗತಿ. ಅದನ್ನೇ ನೆಲದಿಂದ ಎರಡೂವರೆ ಅಡಿ ಮೇಲೆ ಮಾಡಿದರೂ ಅದೇ ಅರ್ಥ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಆ ವರ್ಷ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಶಾಲೆಯಲ್ಲಿ ಅಡುಗೆ, ಹೊಲಿಗೆ ಕಲಿಸುವ ಅಕ್ಕೋರು ಒಂದು ದಿನ ಯಾವುದೋ ಹಳೆಯ ಕ್ಯಾಲೆಂಡರಿನ ಬಣ್ಣದ ಚಿತ್ರ ತಂದು ಹಲಗೆಗೆ ಅಂಟಿಸಿ ‘ಮೇಜಿನ ಅಲಂಕಾರ’ ಎಂಬ ಪಾಠ ಮಾಡಿದರು. ಬಿಳಿಯ ಹಾಸು, ನಡುವೆ ಹೂದಾನಿ, ಉರಿಯುವ ಮೇಣದಬತ್ತಿ, ತಾಟಿನಲ್ಲಿ ಆಗಲೇ ಬಡಿಸಿದ ಬಣ್ಣಬಣ್ಣದ ತಿನಿಸು. “ಅತಿಥಿ ಒಳಗ ಬಂದ ಕೂಡ್ಲೇ ಮೊದಲ ಕಣ್ಣು ಉಣಬೇಕು. ಮುಖ್ಯ ಅತಿಥಿ ತಾಟು ಮೊದಲ ತಯಾರಿರಬೇಕು. ಕ್ವಾಣ್ಯಾಗ ಸಣ್ಣಗ ಸುವಾಸನಿ ಇರಬೇಕು,” ಎಂದರು. ನಲವತ್ತು ಹುಡುಗಿಯರು ಬರೆದುಕೊಂಡೆವು. ನಮ್ಮಲ್ಲಿ ಮನೆಯಲ್ಲಿ ಮೇಜು ಇದ್ದವರು ಮೂವರು. ನಾನು ಆ ಮೂವರಲ್ಲಿ ಒಬ್ಬಳು ಎಂಬುದನ್ನು ಉಳಿದ ಮೂವತ್ತೇಳು ಜನಕ್ಕೂ ಆ ದಿನವೇ ತಿಳಿಸಿದೆ.

ಅದಾದ ಕೆಲವೇ ದಿನಗಳಲ್ಲಿ ಮಾವನಿಗೆ ವಖಾರಿಯಲ್ಲಿ ಎದೆನೋವು ಬಂತು. ಬೆಳಗಾವಿಗೆ ತಂದು ಆಸ್ಪತ್ರೆಗೆ ಸೇರಿಸಿದರು. ಗಂಗತ್ತೆ ನಮ್ಮ ಮನೆಯಲ್ಲೇ ಉಳಿದಳು. ಸೇರಿಸಿದ ದಿನ ಮಾವನ ಸೊಂಟದಿಂದ ಚಂಚಿಯನ್ನು ಅವಳೇ ಬಿಚ್ಚಿ ತಂದು ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು. ಡಾಕ್ಟರು ತಂಬಾಕು, ಉಪ್ಪು, ತುಪ್ಪ, ಕರಿದದ್ದು ಎಲ್ಲ ಬಿಡಿಸಿದ್ದರು. ಇಪ್ಪತ್ತೆರಡು ದಿನ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಆಸ್ಪತ್ರೆಯ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು. ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದಳು. ಅದನ್ನು ವ್ರತ ಎಂದು ಅವಳು ಎಂದೂ ಕರೆಯಲಿಲ್ಲ, ಹಸಿವಿಲ್ಲ ಎನ್ನುತ್ತಿದ್ದಳು. ಬಿಗಿಯಾಗಿದ್ದ ಹಸಿರು ಬಳೆಗಳು ಆ ಮೂರು ವಾರಗಳಲ್ಲಿ ಅವಳ ಮೊಣಕೈಯವರೆಗೆ ಜಾರತೊಡಗಿದ್ದವು.

ಒಂದು ಸಂಜೆ ನಾನು ಡಬ್ಬಿ ತೆಗೆದುಕೊಂಡು ಹೋದಾಗ ಮಾವ ಸಣ್ಣ ದನಿಯಲ್ಲಿ ಹೇಳಿದರು: “ಮನಿಗೆ ಬಂದ ಮ್ಯಾಲ ಟೇಬಲ್ಲಿಗೆ ಕುಂತ ಉಣ್ಣಾಂವ ನೋಡು. ಎರಡ ವರ್ಷಾತು, ನನ್ನ ಟೇಬಲ್ಲಿನ ಮ್ಯಾಲ ನನಗ ಒಂದ ತುತ್ತ ಹಾಕಿಲ್ಲ ನಿಮ್ಮವ್ವ. ನೀ ಹಾಕತೀಯೇನು?” ಹಾಕುತ್ತೇನೆ ಎಂದು ಮಾತು ಕೊಟ್ಟೆ.

ಮಾವನನ್ನು ಮನೆಗೆ ಕಳಿಸುವ ದಿನ ಬಂತು. ಅತ್ತೆ ಬೆಳಗ್ಗೆ ಮಿಂದು ಮಠಕ್ಕೆ ಹೋದಳು. ಹತ್ತು ಗಂಟೆಗೆ ಅಪ್ಪ ಆಸ್ಪತ್ರೆಗೆ ಹೊರಟರು. ಅವ್ವ ಅಡುಗೆಮನೆಯಲ್ಲಿದ್ದಳು, ಮಾವನಿಗೆ ಮೆತ್ತಗಿನ ಅನ್ನ ಮತ್ತು ಸಪ್ಪೆ ಬೇಳೆ, ಉಳಿದವರಿಗೆ ಹೋಳಿಗೆ, ಬದನೆಕಾಯಿ ಪಲ್ಯ, ಮಿರ್ಚಿ ಬಜಿ. ನಡುಮನೆ ನನ್ನದಾಯಿತು.

ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಟ್ರಂಕಿನಿಂದ ಅವ್ವ ಕಸೂತಿ ಹಾಕಿದ್ದ ಬಿಳಿಯ ಹಾಸು ತೆಗೆದು ಹಾಸಿದೆ. ಹೂದಾನಿ ಇರಲಿಲ್ಲ, ಹಿತ್ತಾಳೆಯ ತಂಬಿಗೆಯಲ್ಲಿ ಚೆಂಡು ಹೂವು ಇಟ್ಟೆ. ಮನೆಯಲ್ಲಿದ್ದ ಮೇಣದಬತ್ತಿ ಉರಿದು ಉರಿದು ಬೆರಳಿನಷ್ಟಾಗಿತ್ತು. ಅದು ಚಿತ್ರಕ್ಕೆ ಒಪ್ಪುವುದಿಲ್ಲವೆಂದು ದೇವರ ಮುಂದಿನ ಹಿತ್ತಾಳೆ ದೀಪ ತಂದು ಹಚ್ಚಿದೆ. ಸುವಾಸನೆಗೆ ಎರಡು ಊದಿನಕಡ್ಡಿ ಹಚ್ಚಿ ಬಾಳೆಹಣ್ಣಿಗೆ ಚುಚ್ಚಿದೆ. ಗೋಡೆಯ ಕಡೆಯ ಕುರ್ಚಿಯ ಮುಂದೆ ಮಾವನ ತಾಟು ಇಟ್ಟೆ. ಉಪ್ಪಿಲ್ಲದ ಬೇಳೆಗೆ ಬಣ್ಣವೇ ಇರಲಿಲ್ಲ. ಮಾವ ಬಂದ ಮೇಲೆ ಬದಲಿಸಿದರಾಯಿತು, ಈಗ ಕಣ್ಣು ಉಣ್ಣಲಿ ಎಂದುಕೊಂಡು ಅವ್ವನ ಹಿಂದಿನಿಂದ ಹೋಗಿ ಎರಡು ಹೋಳಿಗೆ, ಅವುಗಳ ಮೇಲೆ ತುಪ್ಪ, ಪಲ್ಯ, ಎರಡು ಬಜಿ ತಂದು ಚಿತ್ರದಲ್ಲಿದ್ದಂತೆ ಜೋಡಿಸಿದೆ. ಲೋಟದಲ್ಲಿ ನೀರು. ಕೊನೆಗೆ ಬಾಗಿಲ ಹಿಂದಿನ ಚಂಚಿ ನೆನಪಾಯಿತು. ಅದನ್ನು ತಂದು ತಾಟಿನ ಬಲಕ್ಕೆ, ಕ್ಯಾಲೆಂಡರಿನಲ್ಲಿ ಕರವಸ್ತ್ರ ಇದ್ದ ಜಾಗದಲ್ಲಿ ಮಡಚಿ ಇಟ್ಟೆ. ಆಮೇಲೆ ಬಾಗಿಲವರೆಗೆ ಹಿಂದೆ ಸರಿದು ನೋಡಿದೆ. ನನ್ನ ಜೀವನದಲ್ಲಿ ನಾನು ಅಷ್ಟು ಚೆಂದದ ಕೆಲಸ ಇನ್ನೊಂದು ಮಾಡಿಲ್ಲ. ಇದನ್ನು ಈಗಲೂ ನಾಚಿಕೆಯಿಲ್ಲದೆ ಹೇಳಬಲ್ಲೆ, ಅಥವಾ ನಾಚಿಕೆಯಿಂದಲೇ.

ಗಂಗತ್ತೆ ಕಾಲು ತೊಳೆದುಕೊಂಡು ಒಳಗೆ ಬಂದಳು. ಕೈಯಲ್ಲಿ ಮಠದ ಪ್ರಸಾದದ ಸಣ್ಣ ಪೊಟ್ಟಣ. ನಡುಮನೆಯ ಹೊಸ್ತಿಲ ಮೇಲೆ ನಿಂತಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಹೊಗಳಿಕೆ ಎಲ್ಲಿಂದ ಶುರುವಾಗುತ್ತದೆ ಎಂದು. ಅವಳು ದೀಪ ನೋಡಿದಳು. ಊದಿನಕಡ್ಡಿ ನೋಡಿದಳು. ತಾಟಿನಲ್ಲಿದ್ದ ತುಪ್ಪದ ಹೋಳಿಗೆ, ಬಜಿ ನೋಡಿದಳು. ಬದುಕಿದ್ದ ಮಾವನಿಗೆ ಡಾಕ್ಟರು ಬೇಡವೆಂದುದೆಲ್ಲ ಆ ತಾಟಿನಲ್ಲಿತ್ತು. ಆಮೇಲೆ ಚಂಚಿ ನೋಡಿದಳು.

“ಯಾವಾಗ ಹೋದ್ರು?” ಎಂದು ಕೇಳಿದಳು. ದನಿ ಏರಲಿಲ್ಲ.

ಅಡುಗೆಮನೆಯಿಂದ, ಬಜಿ ಕರಿಯುತ್ತಿದ್ದ ಅವ್ವ ಉತ್ತರ ಕೊಟ್ಟಳು. ಅಪ್ಪ ಹೊರಟದ್ದನ್ನು ಕೇಳುತ್ತಿದ್ದಾಳೆ ಎಂದು ಅವಳು ತಿಳಿದಿದ್ದಳು. “ಹತ್ತಕ್ಕ ಹೋದ್ರಿ ಅಕ್ಕಾರ. ನೀವು ಮಠಕ್ಕ ಹೋದ ಬೆನ್ನಿಗೆ.”

“ನನಗ ಹೇಳಿ ಕಳಸ್ಬೇಕಿತ್ತು.”

“ಯಾರನ್ನ ಕಳಸಲ್ರಿ? ನೀವು ಪೂಜಾಕ್ಕ ಕುಂತಿರ್ತೀರಿ, ಯಾಕ ಏಳಸೂದು ಅಂತ ಸುಮ್ಮನಾದೆ. ಇನ್ನೇನ ಬಂದ್ರು, ಗಾಡಿ ಸಿಗೂದಷ್ಟ ತಡ.”

ನಮ್ಮ ಮಾತಿನಲ್ಲಿ ‘ಹೋದರು’ ಎಂದರೆ ಹೊರಟರು. ‘ಹೋದರು’ ಎಂದರೆ ತೀರಿಕೊಂಡರು. ಎರಡಕ್ಕೂ ಬೇರೆ ಬೇರೆ ಶಬ್ದ ಇದ್ದಿದ್ದರೆ ಎಂದು ಆಮೇಲೆ ಎಷ್ಟೋ ವರ್ಷ ಭಾಷೆಯ ಮೇಲೆ ಸಿಟ್ಟಾಗಿದ್ದೇನೆ. ಅವ್ವನಿಗೆ ಮೇಜು ಕಾಣುತ್ತಿರಲಿಲ್ಲ. ಅತ್ತೆಗೆ ಅವ್ವ ಕಾಣುತ್ತಿರಲಿಲ್ಲ. ಇಬ್ಬರೂ ಕಾಣುತ್ತಿದ್ದುದು, ಅಂದರೆ ಒಬ್ಬಳ ಮುಖ ಮತ್ತು ಇನ್ನೊಬ್ಬಳ ಮಾತು ಎರಡೂ ತಿಳಿಯುತ್ತಿದ್ದುದು, ನನಗೊಬ್ಬಳಿಗೆ.

ಅತ್ತೆ ಪ್ರಸಾದದ ಪೊಟ್ಟಣವನ್ನು ಹಾಸಿನ ಅಂಚಿಗೆ ಇಟ್ಟಳು. ಮೇಜಿನ ಪಕ್ಕಕ್ಕೆ ಬಂದು ನಿಂತು ಬಲಗೈಯ ಮೊದಲ ಬಳೆ ತೆಗೆದಳು. ಒಡೆಯಲಿಲ್ಲ. ಸೊರಗಿದ ಕೈಯಿಂದ ಅದು ತಾನಾಗಿ ಬಂದಂತೆ ಬಂತು. ಅದನ್ನು ಚಂಚಿಯ ಪಕ್ಕ ಇಟ್ಟಳು. ಎರಡನೆಯದನ್ನು ತೆಗೆದು ಮೊದಲನೆಯದರ ಮೇಲೆ ಇಟ್ಟಳು. ಬಲಗೈಯಲ್ಲಿ ಆರು ಬಳೆಗಳಿದ್ದವು, ಆರೂ ಬಂದವು. ಎಡಗೈಗೆ ಹೋದಳು. ಒಂದು. ಇನ್ನೊಂದು. ಒಟ್ಟು ಎಂಟು. ಹೊರಗೆ ಆಟೋ ನಿಂತ ಸದ್ದಾಯಿತು.

ಈಗ ಎಷ್ಟೋ ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಬೇಕು. ಮೊದಲ ಬಳೆ ಹೊರಬಂದಾಗಲೇ ಅವಳು ಏನೆಂದು ತಿಳಿದಿದ್ದಾಳೆ ಎಂಬುದು ನನಗೆ ತಿಳಿದುಹೋಗಿತ್ತು. ನನ್ನ ಮೇಜು ಏನಾಗಿದೆ ಎಂಬುದೂ ತಿಳಿದಿತ್ತು. “ಇಲ್ಲತ್ತಿ, ಅಪ್ಪ ಕರಕೊಂಡ ಬರಾಕ ಹೋಗ್ಯಾನ,” ಎಂದರೆ ಮುಗಿಯುತ್ತಿತ್ತು. ನಾನು ಎನ್ನಲಿಲ್ಲ. ಹೆದರಿ ದನಿ ಹೊರಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಗೆಂದರೆ ನಾನು ಚೆಂದ ಮಾಡಿದ್ದನ್ನು ನಾನೇ ಎಡೆ ಎಂದು ಒಪ್ಪಿದಂತಾಗುತ್ತಿತ್ತು. ಎಂಟು ಬಳೆ ತೆಗೆಯುವಷ್ಟು ಹೊತ್ತು, ಒಬ್ಬ ಹೆಂಗಸು ನನ್ನ ಕಣ್ಣೆದುರು ವಿಧವೆಯಾಗುತ್ತಿದ್ದಾಗ, ಅವಳು ಇನ್ನೂ ಮೇಜನ್ನು ಹೊಗಳಬಹುದು ಎಂದು ನಾನು ಕಾಯುತ್ತಿದ್ದೆ.

ಅಪ್ಪನ ಹೆಗಲು ಹಿಡಿದು ಮಾವ ಒಳಗೆ ಬಂದರು. ಅಂಗಿ ಸಡಿಲವಾಗಿತ್ತು. ಹುಬ್ಬಿನಲ್ಲಿ ಕಟ್ಟಿಗೆಯ ಹುಡಿ ಇರಲಿಲ್ಲ. ಅತ್ತೆ ತಿರುಗಿ ನೋಡಿದಳು. ಹಿಂದೆ ಕುರ್ಚಿ ಇದೆಯೇ ಇಲ್ಲವೇ ನೋಡದೆ ಕೂತುಬಿಟ್ಟಳು. ಪುಣ್ಯಕ್ಕೆ ಕುರ್ಚಿ ಇತ್ತು. ಅವ್ವ ಬಜಿ ಎತ್ತುವ ಝಾರಿ ಹಿಡಿದುಕೊಂಡೇ ಹೊರಗೆ ಬಂದಳು.

“ಅಯ್ಯ ನಮ್ಮವ್ವಾ! ಏನ ಮಾಡಿಟ್ಟೀ ಇದು! ಎಡಿ ಹಿಡದಂಗ ಹಿಡದೀಯಲ್ಲ!”

ಆ ಶಬ್ದ ಹೊರಬಿದ್ದ ಮೇಲೆ ಎಲ್ಲರೂ ಅದನ್ನೇ ನೋಡಿದರು. “ತಗೀರಿ, ಮೊದಲ ತಗೀರಿ ಇದನ್ನ. ಆಕಳಿಗೆ ಹಾಕ್ರಿ,” ಎಂದರು ಅಪ್ಪ.

ಮಾವ ಅವಸರ ಮಾಡಲಿಲ್ಲ. ದೀಪ, ತಾಟು, ಚಂಚಿ, ಬಳೆಗಳ ರಾಶಿ, ಹೆಂಡತಿಯ ಕೈ, ಈ ಕ್ರಮದಲ್ಲಿ ನೋಡಿದರು. ಅಭ್ಯಾಸಬಲದಿಂದ ಅವರ ಕೈ ಸೊಂಟಕ್ಕೆ ಹೋಗಿ ಅಲ್ಲಿ ಏನೂ ಸಿಗದೆ ವಾಪಸು ಬಂತು.

“ತಡೀ ತಮ್ಮಾ. ಆಕಳಿಗೆ ಯಾಕ? ನನ್ನ ಎಡಿ ನಾನ ಉಣ್ತೀನಿ. ಎಷ್ಟ ಮಂದಿಗೆ ಸಿಗತೈತಿ ಈ ಯೋಗ?”

“ಬ್ಯಾಡ್ರಿ,” ಎಂದಳು ಅತ್ತೆ.

“ಯಾಕ?”

“ಉಪ್ಪೈತಿ.”

ಮಾವ ನಕ್ಕರು. ನಗು ಎದೆಗೆ ತಾಗಿ ಕೆಮ್ಮಾಯಿತು. “ಹೋಗಿ ಬಂದಾಂವಗ ಉಪ್ಪಿನ ಅಂಜಿಕಿ ಹಾಕ್ತೀ,” ಎಂದು ಗೋಡೆಯ ಕಡೆಯ ಕುರ್ಚಿಯಲ್ಲಿ ಕೂತರು. ಅರ್ಧ ಹೋಳಿಗೆ ತಿಂದರು. ಬಜಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡರು. ಅಷ್ಟರಲ್ಲಿ ಅತ್ತೆಯ ಜೀವ ಅತ್ತೆಗೆ ಮರಳಿತ್ತು. ಎಡಗೈಯಿಂದ ತಾಟನ್ನೂ ಬಲಗೈಯಿಂದ ಚಂಚಿಯನ್ನೂ ಒಮ್ಮೆಲೇ ಎಳೆದುಕೊಂಡಳು.

“ಇವು ಯಾಕ ಇಲ್ಲಿ ಅದಾವು?” ಮಾವ ಬಳೆ ತೋರಿಸಿದರು.

“ಕೈ ತೊಳ್ಕೊಳ್ಳಾಕ ತಗದಿದ್ದೆ.”

“ತೊಳದಿದ್ದಾತಲ್ಲ. ಹಾಕ್ಕೋ.” ಒಂದು ಬೆರಳಿನಿಂದ ಬಳೆಗಳನ್ನು ಹಾಸಿನ ಮೇಲೆ ಅವಳ ಕಡೆಗೆ ತಳ್ಳಿದರು. ಅವಳು ಹಾಕಿಕೊಂಡಳು. ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅಂದೇ ಎಲ್ಲ ಮುಗಿದುಹೋಗುತ್ತಿತ್ತೇನೋ.

ಮಾವ ಬದುಕಿದರು. ಖಾನಾಪುರಕ್ಕೆ ಮರಳಿ ಮತ್ತೆ ವಖಾರಿಯಲ್ಲಿ ಕೂತರು, ಕದ್ದು ಮತ್ತೆ ತಂಬಾಕು ಹಾಕತೊಡಗಿದರು. ಬೆಳಗಾವಿಗೆ ಬಂದಾಗಲೆಲ್ಲ ಬಾಗಿಲಲ್ಲೇ, “ಏನವ್ವಾ, ನನ್ನ ಎಡಿ ತಯಾರೈತೇನ?” ಎಂದು ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅತ್ತೆ ಒಮ್ಮೆಯೂ ನಗಲಿಲ್ಲ. ನಮ್ಮ ಮನೆಯಲ್ಲಿ ಅಂದಿನಿಂದ ಮೇಜಿನ ಮೇಲೆ ಉಣ್ಣುವುದು ಶುರುವಾಯಿತು. ಆದರೆ ನೆಲದ ಮೇಲಿದ್ದ ಕಾಯ್ದೆಯನ್ನು ಅವ್ವ ಮೇಜಿಗೂ ಹತ್ತಿಸಿದಳು.

ಏಳು ವರ್ಷಗಳ ನಂತರ, ಎಂಬತ್ತರ ದಶಕದ ನಡುವೆ, ಮಾವ ಖರೆಯಾಗಿಯೇ ಹೋದರು. ನಾನು ಕಾಲೇಜಿನಲ್ಲಿದ್ದೆ. ಅಪ್ಪನ ಜೊತೆ ರೈಲಿನಲ್ಲಿ ಖಾನಾಪುರಕ್ಕೆ ಹೋದೆ. ವಖಾರಿಯ ಅಂಗಳದಲ್ಲಿ ಅವರನ್ನು ಕುಳ್ಳಿರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಬಸವಣ್ಣನ ದಾರಿಯಲ್ಲಿ ನಡೆಯುವವರಲ್ಲಿ ಗಂಡ ಹೋದರೆ ಬಳೆ ತೆಗೆಯಬೇಕೆಂದೇನಿಲ್ಲ ಎಂದು ಮಠದಲ್ಲಿ ಹೇಳುತ್ತಿದ್ದರು; ಮನೆಗಳಲ್ಲಿ ತೆಗೆಸುತ್ತಿದ್ದರು. ಹಿರಿಯ ಹೆಂಗಸರಿಬ್ಬರು ಅತ್ತೆಯ ಹತ್ತಿರ ಬಂದು ಕೂತರು. ಒಬ್ಬರು ಕೈ ಹಿಡಿದರು. ಅತ್ತೆ ಕೈ ಬಿಡಿಸಿಕೊಂಡು ಸೆರಗಿನೊಳಗೆ ಎಳೆದುಕೊಂಡಳು.

“ನಾ ಒಮ್ಮೆ ತಗದೀನಿ. ಮತ್ತ ತಗಿಯಂಗಿಲ್ಲ.”

“ದುಃಖದಾಗ ಏನರ ಅಂತಾಳ ಬಿಡ್ರಿ,” ಎಂದರು ಇನ್ನೊಬ್ಬರು. ಸಂಜೆ ನೋಡೋಣ, ನಾಳೆ ನೋಡೋಣ ಎಂದರು. ಸಂಜೆಯೂ ಅವಳು ಕೊಡಲಿಲ್ಲ, ಮರುದಿನವೂ ಕೊಡಲಿಲ್ಲ. ಊರು ಒಂದೆರಡು ವರ್ಷ ಮಾತಾಡಿಕೊಂಡು ಬಿಟ್ಟುಬಿಟ್ಟಿತು.

ಆ ಮಾತಿನ ಅರ್ಥ ಆ ಅಂಗಳದಲ್ಲಿ ತಿಳಿದದ್ದು ನನಗೊಬ್ಬಳಿಗೇ ಎಂದುಕೊಂಡೆ. ಒಮ್ಮೆ ಈಗಾಗಲೇ ನನ್ನನ್ನು ವಿಧವೆ ಮಾಡಿದ್ದೀರಿ, ಮಾಡಿದವಳು ಇಲ್ಲೇ ನಿಂತಿದ್ದಾಳೆ, ಇನ್ನೊಮ್ಮೆ ಆಗಲಾರೆ. ನನ್ನ ಕಿವಿಗೆ ಕೇಳಿದ್ದು ಅದು. ಮುಂದೆ ನಲವತ್ತು ವರ್ಷ ನಾನು ಗಂಗತ್ತೆಯನ್ನು ಮದುವೆ ಮುಂಜಿಗಳಲ್ಲಿ ಕಂಡಿದ್ದೇನೆ, ಕಾಲು ಮುಟ್ಟಿದ್ದೇನೆ, ಸೀರೆ ಕೊಟ್ಟಿದ್ದೇನೆ. ಅವಳ ಜೊತೆ ಒಂದು ಕೋಣೆಯಲ್ಲಿ ಇಬ್ಬರೇ ಉಳಿಯುವ ಪ್ರಸಂಗ ಬಂದರೆ ಏನಾದರೂ ನೆವ ತೆಗೆದು ಎದ್ದಿದ್ದೇನೆ.

ಫರ್ನಿಚರ್ ಅಂಗಡಿಯಿಂದ ಬಂದ ಮೇಲೆ ಆ ಭಾನುವಾರ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ಅತ್ತೆಗೆ ಈಗ ಎಂಬತ್ತೈದು ದಾಟಿದೆ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ವಖಾರಿಯ ಜಾಗದಲ್ಲಿ ಮೊಮ್ಮಗನ ಪ್ಲೈವುಡ್ ಅಂಗಡಿ. ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

“ದಾರಿ ತಪ್ಪಿ ಬಂದೀಯೇನು?” ಎಂದಳು.

ನಾನು ಎದುರಿಗೆ ಕೂತೆ. “ಅತ್ತಿ, ಅವತ್ತು ನೀ ಬಳಿ ತಗಿಯೂವಾಗ ನನಗ ತಿಳಿದಿತ್ತು, ನೀ ಏನಂತ ತಿಳಕೊಂಡಿ ಅಂತ. ಒಂದ ಮಾತ ಹೇಳಿದ್ರ ಸಾಕಿತ್ತು. ನಾ ಬಾಯಿ ಬಿಡಲಿಲ್ಲ.”

ಯಾವತ್ತು ಎಂದು ಅವಳು ಕೇಳಲಿಲ್ಲ. “ಯಾಕ?” ಎಂದಳು.

“ಟೇಬಲ್ ಚಂದ ಆಗೇತಿ ಅಂತಿ ಅಂತ ಕಾಯಾಕತ್ತಿದ್ದೆ.”

“ಖೋಡಿ,” ಎಂದಳು ಅತ್ತೆ. ಒಂದು ಹಳದಿ ಎಲೆಯನ್ನು ಬದಿಗೆ ಹಾಕಿದಳು. ಇನ್ನೊಂದು ಕಡ್ಡಿ ಎತ್ತಿಕೊಂಡು ಹೇಳಿದಳು: “ನನಗೂ ತಿಳಿದಿತ್ತು.”

“ಏನ ತಿಳಿದಿತ್ತು?” ಎಂದೆ.

“ಎರಡನೇ ಬಳಿ ತಗಿಯೂದ್ರಾಗ ತಿಳೀತು. ಒಳಗ ನಿಮ್ಮವ್ವ ಬಜಿ ಕರ್ಯಾಕತ್ತಿದ್ಲಲ್ಲ, ಚರ್ ಚರ್ ಅಂತ. ಸತ್ತ ಮನ್ಯಾಗ ಯಾರರ ಎಣ್ಣಿ ಕಾಸ್ತಾರೇನು? ಮತ್ತ ಹೋದ ದಿನಾನ ಯಾರ ಎಡಿ ಹಿಡಿತಾರ? ಮೂರನೇ ದಿನಕ್ಕಲ್ಲೇನು ಹಿಡಿಯೂದು? ಜೀವಂತ ಅದಾರ ಅಂತ ಆವಾಗನ ಗೊತ್ತಾತು.”

“ಮತ್ತ ಉಳಿದ ಬಳಿ ಯಾಕ ತಗದಿ?”

ಅವಳು ಸೊಪ್ಪಿನಿಂದ ಕೈ ತೆಗೆದು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಹಸಿರು ಬಳೆಗಳು, ಈಗ ಒಂದೊಂದು ಕೈಗೆ ನಾಲ್ಕು ನಾಲ್ಕು.

“ಬರೇ ಕೈ ಹೆಂಗ ಕಾಣತಾವ ನೋಡೂಣು ಅನಿಸ್ತು. ಇವರ ಜೀವಾ ಇನ್ನ ಗಟ್ಟಿ ಅಲ್ಲಂತ ಡಾಕ್ಟರು ನನಗೊಬ್ಬಾಕಿಗೆ ಹೇಳಿದ್ರು. ಒಂದಿನಾ ಮಂದಿ ಬಂದು ಹಿಡದು ತಗೀತಾರಲ್ಲ, ಅದಕ್ಕಿಂತ ಮೊದಲ ನಾನ ನೋಡಿರತೀನಿ ಅಂತ ತಗದೆ. ನೋಡಿದೆ. ಬಲಗೈ ಮ್ಯಾಲ ಒಂದೂ ಇರಲಿಲ್ಲ. ಯಾರದೋ ಕೈ ಕಂಡಂಗಾತು. ಇವರು ಇದ್ರೂ ಇದು ನನ್ನ ಕೈ, ಹೋದ್ರೂ ನನ್ನ ಕೈ, ಅಲ್ಲೇನು? ಅದಕ್ಕ ಖರೇನ ಹೋದಾಗ ತಗೀಲಿಲ್ಲ. ಒಮ್ಮೆ ನೋಡಿದ್ದೆನಲ್ಲ.”

ಒಳಗೆ ಸೊಸೆ ಯಾರಿಗೋ ಚಹಾ ಸೋಸುತ್ತಿದ್ದಳು. ನನಗೆ ಏನು ಹೇಳಬೇಕೆಂದು ತಿಳಿಯದಿದ್ದಾಗ ನಾನು ಲೆಕ್ಕಕ್ಕೆ ಇಳಿಯುತ್ತೇನೆ; ಅದು ನನ್ನ ಹಳೆಯ ಚಾಳಿ. “ಎಂಟು ತಗದಿದ್ದಿ,” ಎಂದೆ. “ಬಲಗೈದು ಆರು, ಎಡಗೈದು ಎರಡು. ಅಷ್ಟರಾಗ ಆಟೋ ಬಂತು.”

“ಏಳು.”

“ಎಂಟು ಅತ್ತಿ. ನಾ ಅಲ್ಲೇ ನಿಂತಿದ್ದೆ. ಒಂದೊಂದೂ ನೋಡೀನಿ.”

“ಎಂಟನೇದು ಅರ್ಧಕ್ಕ ಬಂದಿತ್ತು. ಸಾಕಾತು, ತಿರಗಿ ಏರಿಸಿದೆ. ಆಮ್ಯಾಲ ಬಂತು ನಿಮ್ಮ ಆಟೋ.”

“ಇಲ್ಲತ್ತಿ, ಎಂಟು—”

“ಕೈ ನಂದೋ ನಿಂದೋ?” ಎಂದು ಅತ್ತೆ ದಬಾಯಿಸಿದಳು.

ಏಳು ಎಂದು ಒಪ್ಪಿಕೊಂಡೆ. ಅವಳು ಸೊಪ್ಪಿನ ಇನ್ನೊಂದು ಕಟ್ಟನ್ನು ನನ್ನ ಮುಂದಕ್ಕೆ ತಳ್ಳಿದಳು. ಊಟದ ಹೊತ್ತಾಗುವವರೆಗೆ ಇಬ್ಬರೇ ಕೂತು ಸೋಸಿದೆವು.